ಹೆಸರು ನಿಮ್ಮದು, ಇಮೇಲ್ ಏಜೆಂಟನದು

ಮೂರ್ನಾಡಿನ ಕಡೆ ಮನೆಯಲ್ಲೇ ಕಾಫಿಪುಡಿ, ಜೇನು, ಕಾಚಂಪುಳಿ ಪ್ಯಾಕ್ ಮಾಡಿ ಮಾರುವ ಕುಟುಂಬವೊಂದು ನನ್ನ ಬಳಿ ಬಂದಿತ್ತು. ಅವರದೇ ಹೆಸರು, ಅವರದೇ ಬಣ್ಣದ ಪೊಟ್ಟಣ ಮಡಿಕೇರಿಯ ಅಂಗಡಿಗಳಲ್ಲಿ ಬೇರೆ ಯಾರದೋ ವಿಳಾಸದಲ್ಲಿ ಮಾರಾಟವಾಗುತ್ತಿತ್ತು. "ನಮ್ಮದು ಟಿಎಂ ಆಗಿದೆಯಲ್ಲ ಸಾರ್" ಎಂದು ಲೇಬಲ್ಲಿನ ಮೂಲೆ ತೋರಿಸಿದರು. ಅರ್ಜಿ ಸಂಖ್ಯೆ ಹಾಕಿ ನೋಡಿದೆ. ಅರ್ಜಿ ಎಂದೋ ಬಿದ್ದುಹೋಗಿತ್ತು.

'ಟಿಎಂ' ಎಂದು ಅಚ್ಚು ಹಾಕಿಸಲು ಯಾರ ಅನುಮತಿಯೂ ಬೇಡ. ಅದು ನಿಮ್ಮ ಹೇಳಿಕೆ ಅಷ್ಟೇ, ಹಕ್ಕುಪತ್ರವಲ್ಲ. ವೃತ್ತದೊಳಗಿನ 'ಆರ್' ಗುರುತು ನೋಂದಣಿಯಾದ ಮೇಲೆ ಮಾತ್ರ. ಮೊದಲೇ ಹಾಕಿದರೆ ದಂಡ ಬೀಳುತ್ತದೆ. ಎಫ್‌ಎಸ್‌ಎಸ್‌ಎಐ ಪರವಾನಗಿ, ಜಿಎಸ್‌ಟಿ, ಉದ್ಯಮ್ ಪ್ರಮಾಣಪತ್ರ, ಪಂಚಾಯಿತಿ ಲೈಸೆನ್ಸ್, ಇವು ವ್ಯಾಪಾರಕ್ಕೆ ಸಂಬಂಧಿಸಿದ ಕಾಗದಗಳು. ಹೆಸರಿನ ಮೇಲೆ ಹಕ್ಕು ಕೊಡುವುದು ಇವುಗಳಲ್ಲಿ ಒಂದೂ ಇಲ್ಲ.

ಮಾಡಬೇಕಾದದ್ದು ಇಷ್ಟು.

1. ಟ್ರೇಡ್‌ಮಾರ್ಕ್ ಇಲಾಖೆಯ ಜಾಲತಾಣದಲ್ಲಿ ನಿಮ್ಮ ಹೆಸರನ್ನು ಹೋಲುವುದು ಆಗಲೇ ಇದೆಯೇ ಎಂದು ಹುಡುಕಿ. ಇದಕ್ಕೆ ಶುಲ್ಕವಿಲ್ಲ. 'ಕೂರ್ಗ್ ಕಾಫಿ'ಯಂಥ ಹೆಸರಿಗೆ ಕಾಸು ಸುರಿಯಬೇಡಿ. ಊರಿನ ಹೆಸರು ಮತ್ತು ಸರಕಿನ ಹೆಸರನ್ನಷ್ಟೇ ಸೇರಿಸಿದರೆ ಸೆಕ್ಷನ್ 9ರಡಿ ಆಕ್ಷೇಪಣೆ ಬರುತ್ತದೆ.

2. ಟಿಎಂ-ಎ ನಮೂನೆಯಲ್ಲಿ ಅರ್ಜಿ ಹಾಕಿ. ವ್ಯಕ್ತಿಗಳಿಗೆ ಮತ್ತು ಸಣ್ಣ ಉದ್ಯಮಗಳಿಗೆ ಆನ್‌ಲೈನ್ ಶುಲ್ಕ ವರ್ಗವೊಂದಕ್ಕೆ 4,500 ರೂಪಾಯಿ. ಕಾಫಿಪುಡಿ, ಜೇನು, ಚಾಕೊಲೇಟ್ 30ನೇ ವರ್ಗ; ವೈನ್ 33ನೇ ವರ್ಗ. ಜೇನಿಗೆ ಪಡೆದ ನೋಂದಣಿಯಲ್ಲೇ ವೈನ್ ಕೂಡ ಸೇರಿಬಿಡುತ್ತದೆ ಎಂದುಕೊಳ್ಳಬೇಡಿ.

ಜನ ಮುಳುಗುವುದು ಈ ಎರಡನೇ ಹಂತದಲ್ಲೇ. ಅರ್ಜಿಯಲ್ಲಿ ಇಮೇಲ್ ಮತ್ತು ಮೊಬೈಲ್ ನಮೂದಿಸುವ ಜಾಗವಿದೆ. ನಿಮ್ಮ ಪರವಾಗಿ ಅರ್ಜಿ ಹಾಕುವ ಏಜೆಂಟ್ ಅಲ್ಲಿ ತನ್ನದನ್ನೇ ತುಂಬುತ್ತಾನೆ. ಇಲಾಖೆಯ ಪರಿಶೀಲನಾ ವರದಿ ಆ ಇಮೇಲಿಗೇ ಹೋಗುತ್ತದೆ. ನಿಯಮದ ಪ್ರಕಾರ ಕಳುಹಿಸಿದ ಕೂಡಲೇ ತಲುಪಿದಂತೆ ಲೆಕ್ಕ. ಉತ್ತರಿಸಲು ಸಿಗುವುದು ಒಂದು ತಿಂಗಳು. ಉತ್ತರ ಕೊಡದಿದ್ದರೆ ಅರ್ಜಿ ಕೈಬಿಟ್ಟಂತೆ. ಅರ್ಜಿ ಹಾಕಿದ ದಿನವೇ ದುಡ್ಡು ಎಣಿಸಿಕೊಂಡ ಏಜೆಂಟನಿಗೆ ಆ ಪತ್ರ ತೆರೆದು ನೋಡುವ ಗರಜಿಲ್ಲ. ಇಂಥ ಬೇಜವಾಬ್ದಾರಿಗೆ ಬಡಪಾಯಿಗಳ ಹತ್ತಾರು ವರ್ಷಗಳ ಹೆಸರು ಬಲಿಯಾಗುವುದನ್ನು ಕಂಡು ನನಗೆ ಸಿಟ್ಟು ಬರುತ್ತದೆ. ಆದ್ದರಿಂದ ನಿಮ್ಮ ಮನೆಯವರ ಇಮೇಲನ್ನೇ ಬರೆಸಿ. ಈಗಾಗಲೇ ತಪ್ಪು ಇಮೇಲ್ ಹೋಗಿದ್ದರೆ ಟಿಎಂ-ಎಂ ನಮೂನೆಯಲ್ಲಿ ತಿದ್ದಿಸಿ. ಅರ್ಜಿದಾರರ ಕಾಲಂನಲ್ಲಿ ನಿಮ್ಮ ಹೆಸರೇ ಇದೆಯೇ, ನಿಮ್ಮ ಸರಕು ಮಾರುವ ಡೀಲರನದೇ ಎಂಬುದನ್ನೂ ಕಣ್ಣಾರೆ ನೋಡಿ.

3. ಇಲಾಖೆ ಒಪ್ಪಿದ ಮೇಲೆ ಹೆಸರು ಟ್ರೇಡ್‌ಮಾರ್ಕ್ ಜರ್ನಲ್‌ನಲ್ಲಿ ಪ್ರಕಟವಾಗುತ್ತದೆ. ನಾಲ್ಕು ತಿಂಗಳೊಳಗೆ ಯಾರಾದರೂ ವಿರೋಧಿಸಬಹುದು. ವಿರೋಧದ ನೋಟಿಸು ಬಂದ ಎರಡು ತಿಂಗಳೊಳಗೆ ಪ್ರತಿಹೇಳಿಕೆ ಸಲ್ಲಿಸದಿದ್ದರೆ ಇಲ್ಲಿಯೂ ಅರ್ಜಿ ಬೀಳುತ್ತದೆ. ದಾಟಿಕೊಂಡರೆ ಹತ್ತು ವರ್ಷದ ನೋಂದಣಿ, ಆಮೇಲೆ ನವೀಕರಣ.

ಅರ್ಜಿ ಆಗಲೇ ಬಿದ್ದಿದ್ದರೆ ಹೊಸದಾಗಿ ಹಾಕಿ. ನಡುವೆ ನಕಲಿಗಾರ ತಾನೇ ಅರ್ಜಿ ಹಾಕಿದ್ದರೂ, ಅವನಿಗಿಂತ ಮೊದಲಿನಿಂದ ಹೆಸರು ಬಳಸಿದವರಿಗೆ ಸೆಕ್ಷನ್ 34ರ ರಕ್ಷಣೆಯಿದೆ. ಆದರೆ ಸಾಬೀತು ಮಾಡುವ ಹೊರೆ ನಿಮ್ಮದು. ಲೇಬಲ್ ಮುದ್ರಿಸಿದ ಪ್ರೆಸ್ಸಿನ ಹಳೆಯ ಬಿಲ್, ಅಂಗಡಿಗೆ ಸರಕು ಹಾಕಿದ ಬಿಲ್‌ಪುಸ್ತಕ ರದ್ದಿಗೆ ಹೋಗದಿರಲಿ.

ನಕಲಿ ಸರಕು ಕಂಡರೆ ಅಂಗಡಿಯಲ್ಲಿ ಜಗಳಕ್ಕಿಳಿಯಬೇಡಿ. ಬಿಲ್ ಪಡೆದು ಕೊಳ್ಳಿ, ಪೊಟ್ಟಣ ಒಡೆಯದೆ ಇಡಿ. ನೋಂದಣಿಯಿದ್ದರೆ ನೀವು ವಾಸಿಸುವ ಜಿಲ್ಲೆಯಲ್ಲೇ ದಾವೆ ಹೂಡಬಹುದು. ನೋಂದಣಿಯಿಲ್ಲದಿದ್ದರೂ ದಾವೆಗೆ ಅವಕಾಶವಿದೆ. ಆದರೆ ಎದುರಾಳಿ ಇರುವಲ್ಲಿಗೆ ಅಥವಾ ನಕಲಿ ಮಾರಾಟವಾದಲ್ಲಿಗೆ ಹೋಗಬೇಕು. ನೋಂದಣಿಯೇ ಇಲ್ಲದೆ 'ಟ್ರೇಡ್‌ಮಾರ್ಕ್ ಉಲ್ಲಂಘನೆ' ಎಂದು ನೋಟಿಸಿನಲ್ಲಿ ಬೆದರಿಸಿದರೆ ಅವನೇ ನಿಮ್ಮ ಮೇಲೆ ದಾವೆ ಹಾಕಬಹುದು.

ಠಾಣೆಯಲ್ಲಿ 'ಇದು ಸಿವಿಲ್ ಮ್ಯಾಟರ್' ಎಂದು ವಾಪಸ್ ಕಳುಹಿಸುವುದು ರೂಢಿಯಾಗಿದೆ. ನಂಬಬೇಡಿ. ನಕಲಿ ಟ್ರೇಡ್‌ಮಾರ್ಕ್ ಬಳಸುವುದು ಅಪರಾಧ: ಆರು ತಿಂಗಳಿಂದ ಮೂರು ವರ್ಷದ ಜೈಲು, 50,000ದಿಂದ 2 ಲಕ್ಷ ರೂಪಾಯಿ ದಂಡ. ಆದರೆ ವಾರಂಟಿಲ್ಲದೆ ಜಪ್ತಿ ಮಾಡುವ ಅಧಿಕಾರ ಡಿವೈಎಸ್‌ಪಿ ಮತ್ತು ಮೇಲಿನವರಿಗೆ ಮಾತ್ರ. ಅದಕ್ಕೂ ರಿಜಿಸ್ಟ್ರಾರರ ಅಭಿಪ್ರಾಯ ಮೊದಲು ಬೇಕು. ಹಾಗಾಗಿ ಲಿಖಿತ ದೂರನ್ನು ಡಿವೈಎಸ್‌ಪಿ ಕಚೇರಿಗೇ ಕೊಟ್ಟು ಸ್ವೀಕೃತಿ ಪಡೆಯಿರಿ. ಜೇನಿನ ಹೆಸರಲ್ಲಿ ಸಕ್ಕರೆ ಪಾಕ ಮಾರುತ್ತಿದ್ದರೆ ಟ್ರೇಡ್‌ಮಾರ್ಕೇ ಬೇಕಿಲ್ಲ. ಆಹಾರ ಸುರಕ್ಷತಾ ಅಧಿಕಾರಿಗೆ ದೂರು ಕೊಡಿ.

'ಕೊಡಗು' ಎಂಬ ಹೆಸರಿಗೂ ಕಾವಲಿದೆ. ಕೂರ್ಗ್ ಕಿತ್ತಳೆಗೆ ಭೌಗೋಳಿಕ ಸೂಚಿಕೆ, ಅಂದರೆ ಜಿಐ ಸಿಕ್ಕಿದೆ. 2019ರಲ್ಲಿ ಕೂರ್ಗ್ ಅರೇಬಿಕಾ ಕಾಫಿಗೂ ಸಿಕ್ಕಿತು. ಕಾಫಿಯ ಜಿಐ ಕಾಫಿ ಮಂಡಳಿಯ ಹೆಸರಲ್ಲಿದೆ. ಹಾಗೆಂದು ಪ್ರತಿ ಬೆಳೆಗಾರನಿಗೂ ಹಕ್ಕು ತಾನಾಗಿ ಬರುವುದಿಲ್ಲ. ಅಧಿಕೃತ ಬಳಕೆದಾರರಾಗಿ ಚೆನ್ನೈನ ಜಿಐ ನೋಂದಣಿ ಕಚೇರಿಯಲ್ಲಿ ಹೆಸರು ಸೇರಿಸಬೇಕು. 2020ರ ತಿದ್ದುಪಡಿಯಲ್ಲಿ ಆ ಅರ್ಜಿಯ ಶುಲ್ಕ ಹತ್ತು ರೂಪಾಯಿಗೆ ಇಳಿದಿದೆ. ಅದಕ್ಕೆ ಸಾವಿರಗಳನ್ನು ಕೇಳುವ ಮಧ್ಯವರ್ತಿಯನ್ನು ಬಾಗಿಲಲ್ಲೇ ತಡೆಯಿರಿ. ನೆನಪಿಡಿ, ರೊಬಸ್ಟಾ ತುಂಬಿ 'ಕೂರ್ಗ್ ಅರೇಬಿಕಾ' ಎಂದು ಬರೆದರೆ ಕೊಡಗಿನವರೇ ಆದರೂ ತಪ್ಪಿತಸ್ಥರು.

ವಕೀಲರ ಫೀಸಿಗೆ ಹೆದರಿ ಸುಮ್ಮನಾಗಬೇಡಿ. ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಕಾನೂನು ಸೇವಾ ಪ್ರಾಧಿಕಾರದ ಉಚಿತ ನೆರವು ಸಿಗುತ್ತದೆ, ಸಹಾಯವಾಣಿ 15100. ಮನೆ ಉದ್ಯಮಗಳನ್ನು ನಡೆಸುತ್ತಿರುವವರಲ್ಲಿ ಹೆಂಗಸರೇ ಬಹಳ, ಈ ನೆರವು ಕೇಳಿಕೊಂಡು ಹೋಗುವವರು ಮಾತ್ರ ಕಡಿಮೆ. ಈಗಾಗಲೇ ಅರ್ಜಿ ಹಾಕಿಸಿದ್ದರೆ ಇವತ್ತೇ ಏಜೆಂಟನಿಗೆ ಫೋನ್ ಮಾಡಿ ಅರ್ಜಿ ಸಂಖ್ಯೆ ಕೇಳಿ. ಕೊಡಲು ತಡವರಿಸಿದರೆ ನಿಮ್ಮ ಹೆಸರಿನಿಂದಲೇ ಜಾಲತಾಣದಲ್ಲಿ ಹುಡುಕಿ. ಪರಿಶೀಲನಾ ವರದಿ ಬಂದಿದ್ದು, ಉತ್ತರ ಹೋಗಿರದಿದ್ದರೆ ಆ ಒಂದು ತಿಂಗಳಲ್ಲಿ ಎಷ್ಟು ದಿನ ಉಳಿದಿದೆ ಎಂದು ಮೊದಲು ಲೆಕ್ಕ ಹಾಕಿ.