ತಂದೆಯವರ ಓವರ್‌ಡ್ರಾಫ್ಟ್ ಖಾತೆ: ಅನುಚಿತ ಶುಲ್ಕಗಳನ್ನು ಮಕ್ಕಳು ಪ್ರಶ್ನಿಸುವ ಕ್ರಮ

ವ್ಯಾಪಾರಿ ಕುಟುಂಬಗಳಲ್ಲಿ ಮಗನು ಗಲ್ಲಾಪೆಟ್ಟಿಗೆಯ ಮುಂದೆ ಕುಳಿತು ಹತ್ತು ವರ್ಷಗಳಾಗಿದ್ದರೂ ಬ್ಯಾಂಕಿನ ಓವರ್‌ಡ್ರಾಫ್ಟ್ ಖಾತೆ ತಂದೆಯವರ ಹೆಸರಿನಲ್ಲಿಯೇ ಮುಂದುವರಿದಿರುವುದು ಸಾಮಾನ್ಯ. ಜೊತೆಗೆ ಅವರದೊಂದು ಹಳೆಯ ಉಳಿತಾಯ ಖಾತೆಯೂ ಇರುತ್ತದೆ. ಹಿರಿಯರು ಹಾಸಿಗೆ ಹಿಡಿದಾಗ ಈ ಎರಡೂ ಖಾತೆಗಳಲ್ಲಿ ಶುಲ್ಕಗಳು ಒಂದರ ಮೇಲೊಂದು ಖರ್ಚು ಬೀಳುತ್ತವೆ. ಅದು ಗಮನಕ್ಕೆ ಬಂದಾಗ ತಂದೆಯವರು ‘ಹೋಗಲಿ ಬಿಡು, ನಲವತ್ತು ವರ್ಷದ ಬ್ಯಾಂಕು’ ಎನ್ನುತ್ತಾರೆ. ಮಗನು ಶಾಖೆಗೆ ಹೋಗಿ ಏರುದನಿಯಲ್ಲಿ ಮಾತನಾಡಿ ಬರಿಗೈಯಲ್ಲಿ ಮರಳುತ್ತಾನೆ. ‘ಇದು ಅನ್ಯಾಯ’ ಎಂಬ ವಾದಕ್ಕಿಂತ ‘ನೋಟಿಸು ಎಲ್ಲಿದೆ, ಕರಾರಿನ ಯಾವ ಷರತ್ತಿನಡಿ ಈ ಮೊತ್ತ ಖರ್ಚು ಹಾಕಲಾಗಿದೆ’ ಎಂಬ ಲಿಖಿತ ಪ್ರಶ್ನೆಗೆ ಬ್ಯಾಂಕು ಉತ್ತರಿಸಲೇಬೇಕಾಗುತ್ತದೆ.

ಆ ಪ್ರಶ್ನೆ ಕೇಳುವ ಅಧಿಕಾರ ಮಗನಿಗೆ ಮೊದಲು ದೊರೆಯಬೇಕು. ಗ್ರಾಹಕರ ಖಾತೆಯ ವಿವರವನ್ನು ಗುಟ್ಟಾಗಿಡುವ ಹೊಣೆ ಬ್ಯಾಂಕಿನದು. ಆದುದರಿಂದ ವ್ಯವಸ್ಥಾಪಕರು ಮಗನೊಡನೆ ಚರ್ಚಿಸಲು ನಿರಾಕರಿಸಿದರೆ ಅದನ್ನು ದರ್ಪವೆಂದು ತಿಳಿಯಬೇಕಾಗಿಲ್ಲ. ಖಾತೆ ಸಂಖ್ಯೆಯನ್ನೂ ವಿವಾದದ ಅವಧಿಯನ್ನೂ ನಮೂದಿಸಿ, ದಾಖಲೆ ಪಡೆಯಲು ಹಾಗೂ ದೂರು ನಡೆಸಲು ಮಗನನ್ನು ನೇಮಿಸಿರುವುದಾಗಿ ತಂದೆಯವರು ಸಹಿ ಮಾಡಿದ ಅಧಿಕಾರ ಪತ್ರ ಸಾಕು. ಕೈ ನಡುಗಿ ಸಹಿ ಹೊಂದದಿದ್ದಲ್ಲಿ ಹೆಬ್ಬೆಟ್ಟಿನ ಗುರುತಿಗೆ ಅವಕಾಶವಿದೆ. ಹಣ ತೆಗೆಯಲಾಗದ ವೃದ್ಧ ಖಾತೆದಾರರ ವಿಷಯದಲ್ಲಿ ರಿಸರ್ವ್ ಬ್ಯಾಂಕು ಸೂಚಿಸಿರುವ ಕ್ರಮದಂತೆ ಗುರುತಿಗೆ ಇಬ್ಬರು ಸ್ವತಂತ್ರ ಸಾಕ್ಷಿಗಳಿರಬೇಕು, ಅವರಲ್ಲೊಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿಯಾಗಿರಬೇಕು. ಅಧಿಕಾರ ಪತ್ರಕ್ಕೂ ಇದೇ ಎಚ್ಚರಿಕೆ ಒಳ್ಳೆಯದು. ಒಂದು ಮಾತನ್ನು ಕುಟುಂಬಗಳು ಮರೆಯುತ್ತವೆ: 1872ರ ಕರಾರು ಅಧಿನಿಯಮದ 201ನೆಯ ಪ್ರಕರಣದಂತೆ ಅಧಿಕಾರ ಕೊಟ್ಟವರು ಮೃತರಾದರೆ ಅಥವಾ ಬುದ್ಧಿಸ್ಥಿಮಿತ ಕಳೆದುಕೊಂಡರೆ ಆ ಅಧಿಕಾರ ಅಂತ್ಯಗೊಳ್ಳುತ್ತದೆ. ಆದಕಾರಣ ಹಿರಿಯರು ವಿಷಯ ತಿಳಿದು ಒಪ್ಪುವ ಸ್ಥಿತಿಯಲ್ಲಿರುವಾಗಲೇ ಪತ್ರ ಸಿದ್ಧವಾಗಬೇಕು.

ಇನ್ನು ಶುಲ್ಕಗಳನ್ನು ಬಿಡಿಸಿ ನೋಡುವ ಕೆಲಸ. ಉದಾಹರಣೆಗಾಗಿ, ಕಬ್ಬಿಣದ ಸಾಮಾನಿನ ಅಂಗಡಿಯ ಒಬ್ಬ ವೃದ್ಧ ಮಾಲೀಕರು ಕೆಲವು ತಿಂಗಳು ಆಸ್ಪತ್ರೆ, ಮನೆ ಎಂದು ಅಲೆದಿದ್ದಾರೆಂದು ಭಾವಿಸೋಣ. ಉಳಿತಾಯ ಖಾತೆಯಲ್ಲಿ ರೂ. 412 ಶಿಲ್ಕು ಇತ್ತು. ಕನಿಷ್ಠ ಶಿಲ್ಕು ಇಲ್ಲವೆಂದು ಮೂರು ತ್ರೈಮಾಸಿಕಗಳಲ್ಲಿ ತಲಾ ರೂ. 500 ಮತ್ತು ಜಿ.ಎಸ್.ಟಿ. ರೂ. 90ರಂತೆ ರೂ. 1,770 ಖರ್ಚು ಹಾಕಿ ಖಾತೆಯನ್ನು ರೂ. 1,358ರಷ್ಟು ಋಣ ಶಿಲ್ಕಿಗೆ ಇಳಿಸಲಾಯಿತು. ಬಳಿಕ ಜಮೆಯಾದ ಬಾಡಿಗೆ ಹಣ ಮೊದಲು ಈ ಹಳ್ಳವನ್ನೇ ತುಂಬಿತು. ರಿಸರ್ವ್ ಬ್ಯಾಂಕಿನ 2014ರ ನವೆಂಬರ್ 20ರ ಸುತ್ತೋಲೆಯ ಮೂಲಕ 2015ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮದಂತೆ ಬ್ಯಾಂಕು ಮೊದಲು ಎಸ್ಸೆಮ್ಮೆಸ್, ಇ-ಮೇಲ್ ಅಥವಾ ಪತ್ರದ ಮೂಲಕ ತಿಳಿಸಿ, ಶಿಲ್ಕು ಸರಿಪಡಿಸಲು ಒಂದು ತಿಂಗಳು ಕೊಡಬೇಕು. ಶುಲ್ಕ ಕೊರತೆಯ ಪ್ರಮಾಣಕ್ಕೆ ತಕ್ಕಂತಿರಬೇಕು. ಈ ಶುಲ್ಕವೊಂದರಿಂದಲೇ ಉಳಿತಾಯ ಖಾತೆ ಋಣ ಶಿಲ್ಕಿಗೆ ಇಳಿಯಬಾರದು. ನೋಟಿಸು ಇಲ್ಲದಿದ್ದರೆ ರೂ. 1,770 ಪೂರ್ತಿ, ಸಕ್ರಮ ನೋಟಿಸು ಇದ್ದರೂ ಸೊನ್ನೆಯ ಕೆಳಗಿಳಿಸಿದ ರೂ. 1,358 ಕೇಳಬಹುದು. ಈ ರಕ್ಷಣೆ ಉಳಿತಾಯ ಖಾತೆಗೆ ಮಾತ್ರ. ಅಂಗಡಿಯ ಚಾಲ್ತಿ ಖಾತೆಗೆ ಇದನ್ನು ಉದಾಹರಿಸಿ ವಾದಿಸಿದರೆ ದೂರು ದುರ್ಬಲವಾಗುತ್ತದೆ.

ಓವರ್‌ಡ್ರಾಫ್ಟ್ ಖಾತೆಯ ಕಥೆ ಬೇರೆ. ಅದೇ ಅವಧಿಯಲ್ಲಿ ಸ್ಟಾಕ್ ಸ್ಟೇಟ್‌ಮೆಂಟ್ ಸಲ್ಲಿಸಲಿಲ್ಲವೆಂದು ಮೂರು ತಿಂಗಳು ತಲಾ ರೂ. 1,000 ದಂಡ, ಅದರ ಮೇಲೆ ರೂ. 180 ಜಿ.ಎಸ್.ಟಿ. ಬಿದ್ದಿದೆ ಎನ್ನೋಣ. ರಿಸರ್ವ್ ಬ್ಯಾಂಕಿನ 2023ರ ಆಗಸ್ಟ್ 18ರ ಸುತ್ತೋಲೆ ದಂಡವನ್ನು ಬಡ್ಡಿದರಕ್ಕೆ ಸೇರಿಸುವ ಪದ್ಧತಿಯನ್ನು ನಿಲ್ಲಿಸಿತು. ಹೊಸ ಸಾಲಗಳಿಗೆ 2024ರ ಏಪ್ರಿಲ್ 1ರಿಂದ ಇದು ಅನ್ವಯಿಸಿತು. ಹಳೆಯ ಸಾಲಗಳನ್ನು 2024ರ ಜೂನ್ 30ರೊಳಗೆ ಈ ವ್ಯವಸ್ಥೆಗೆ ತರಬೇಕಿತ್ತು. ದಂಡ ಶುಲ್ಕ ತಪ್ಪಿನ ಪ್ರಮಾಣಕ್ಕೆ ಹೊಂದಿರಬೇಕು, ಸಾಲದ ಕರಾರಿನಲ್ಲಿ ತಿಳಿಸಿರಬೇಕು, ಅದರ ಮೇಲೆ ಮತ್ತೆ ಬಡ್ಡಿ ಲೆಕ್ಕ ಹಾಕಬಾರದು. ಇಂತಹ ದಂಡ ಶುಲ್ಕಕ್ಕೆ ಜಿ.ಎಸ್.ಟಿ. ಇಲ್ಲವೆಂದು ಕೇಂದ್ರ ಪರೋಕ್ಷ ತೆರಿಗೆ ಮಂಡಳಿ 2025ರ ಜನವರಿ 28ರಂದು ಸ್ಪಷ್ಟಪಡಿಸಿದೆ. ಹಾಗಾಗಿ ರೂ. 540 ಮತ್ತು ದಂಡದ ಮೇಲೆ ಬೆಳೆದ ಬಡ್ಡಿ ವಾಪಸಾಗತಕ್ಕದ್ದು. ಸ್ಟೇಟ್‌ಮೆಂಟ್ ನಿಜವಾಗಿ ಸಲ್ಲಿಸಿರದಿದ್ದರೆ, ಕರಾರಿನಲ್ಲಿ ದರ ನಮೂದಾಗಿದ್ದರೆ, ಮೂಲ ರೂ. 3,000 ಹಕ್ಕಿನಿಂದ ಕೇಳುವಂತಹುದಲ್ಲ. ಕಾಯಿಲೆಯ ದಾಖಲೆ ಲಗತ್ತಿಸಿ ರಿಯಾಯಿತಿಯಾಗಿ ಕೇಳಬೇಕು. ಹಕ್ಕನ್ನೂ ಕೋರಿಕೆಯನ್ನೂ ಒಂದೇ ವಾಕ್ಯದಲ್ಲಿ ಬೆರೆಸಿದ ಪತ್ರಕ್ಕೆ ಬ್ಯಾಂಕಿನಿಂದ ಬರುವುದು ಒಂದೇ ‘ಇಲ್ಲ’.

ವಿವಾದವಿದೆಯೆಂದು ಖಾತೆಯನ್ನು ಹಾಗೆಯೇ ಬಿಡುವುದು ಅಪಾಯಕರ. ಶುಲ್ಕ ಸೇರಿ ಬಾಕಿಯು ಮಿತಿಯನ್ನು ಸತತ 90 ದಿನ ಮೀರಿ ನಿಂತರೆ ಖಾತೆ ಅನುತ್ಪಾದಕ ವರ್ಗಕ್ಕೆ ಜಾರಬಹುದು. ಅಡವಾಗಿರುವುದು ಅನೇಕ ವೇಳೆ ತಂದೆಯವರು ಕಟ್ಟಿಸಿದ ಮನೆಯೇ. ಅಷ್ಟು ಮೊತ್ತವನ್ನು ‘ಆಕ್ಷೇಪಣೆಗೆ ಒಳಪಟ್ಟು’ ಎಂದು ಪತ್ರ ಕೊಟ್ಟು ತುಂಬಿ, ಅನಂತರ ಹೋರಾಡುವುದು ಜಾಣತನ.

ದೂರು ಪತ್ರದಲ್ಲಿ ದಿನಾಂಕ, ಮೊತ್ತ, ಉಲ್ಲಂಘನೆಯಾದ ನಿಯಮ ಇವಿಷ್ಟಿದ್ದರೆ ಸಾಕು. ಸ್ವೀಕೃತಿಯ ಮೊಹರು ಮಾತ್ರ ತಪ್ಪಬಾರದು. 2025ರ ನವೆಂಬರ್‌ನಲ್ಲಿ ರಿಸರ್ವ್ ಬ್ಯಾಂಕು ಹಳೆಯ ಸುತ್ತೋಲೆಗಳನ್ನು ಕ್ರೋಡೀಕರಿಸಿ ನಿರ್ದೇಶನಗಳಾಗಿ ಹೊರಡಿಸಿರುವುದರಿಂದ ಶುಲ್ಕ ಹಾಕಿದ ದಿನದಂದು ಯಾವ ನಿಯಮವಿತ್ತೆಂಬುದನ್ನು ಹೇಳುವುದು ಉಚಿತ. ಬ್ಯಾಂಕು ತಿರಸ್ಕರಿಸಿದರೆ ಅಥವಾ 30 ದಿನಗಳಲ್ಲಿ ಉತ್ತರಿಸದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ವಿಳಂಬವಿಲ್ಲದೆ ದೂರು ಕೊಡಬೇಕು. ಇದಕ್ಕೆ ಶುಲ್ಕವಿಲ್ಲ. 2021ರ ನವೆಂಬರ್ 12ರಂದು ಆರಂಭವಾದ ಸಮಗ್ರ ಯೋಜನೆ ಖಾತೆದಾರರು ಲಿಖಿತವಾಗಿ ನೇಮಿಸಿದ ಪ್ರತಿನಿಧಿಯನ್ನು ಒಪ್ಪಿತು, ಆದರೆ ವಕೀಲರನ್ನು ಪ್ರತಿನಿಧಿಯಾಗಿ ಒಪ್ಪಲಿಲ್ಲ. ಬ್ಯಾಂಕಿಗೆ ಮೊದಲು ಬರೆಯದೆ ನೇರವಾಗಿ ಇಲ್ಲಿಗೆ ಬಂದ ದೂರು ವಿಚಾರಣೆಯ ಹಂತವನ್ನೇ ತಲುಪದು.

ಹಣ ಮರಳಿದ ನಂತರ ಲೆಕ್ಕದ ಪುಸ್ತಕಕ್ಕೂ ಸ್ವಲ್ಪ ಕೆಲಸವಿದೆ. ಓವರ್‌ಡ್ರಾಫ್ಟಿನ ಶುಲ್ಕವನ್ನು ಹಿಂದಿನ ವರ್ಷ ವ್ಯಾಪಾರದ ಖರ್ಚೆಂದು ತೋರಿಸಿದ್ದರೆ, ಮರಳಿದ ಮೊತ್ತವನ್ನು ಮರಳಿದ ವರ್ಷದ ಆದಾಯಕ್ಕೆ ಸೇರಿಸಬೇಕು, ಜಿ.ಎಸ್.ಟಿ.ಯ ಇನ್‌ಪುಟ್ ಕ್ರೆಡಿಟ್ ಪಡೆದಿದ್ದರೆ ಅಷ್ಟನ್ನು ಹಿಂದಿರುಗಿಸಬೇಕು. ಉಳಿತಾಯ ಖಾತೆಗೆ ಮರಳಿದ್ದು ತಂದೆಯವರ ಸ್ವಂತ ಹಣ. ಅದನ್ನು ಅಂಗಡಿಯ ಜಮಾ ಪುಸ್ತಕಕ್ಕೆ ತರಬೇಕಾಗಿಲ್ಲ.