ಹನ್ನೊಂದು ರೂಪಾಯಿಯ ಸಿಪಾಯಿ ಕಂಡದ್ದೇನು?

ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರ ಪರವಾಗಿ ಹೋರಾಡಿದ ಭಾರತೀಯ ಸಿಪಾಯಿಯ ಬಗ್ಗೆ ಸಾಮಾನ್ಯವಾಗಿ ಎರಡು ಮಾತು ಕೇಳಿಬರುತ್ತವೆ. ಒಂದು, ಅವನು ಮಹಾವೀರ. ಇನ್ನೊಂದು, ಸಂಬಳಕ್ಕಾಗಿ ಬಡಿದಾಡಿದ ಕೂಲಿ. ಅವನ ತಲೆಯೊಳಗೆ ಏನು ನಡೀತು ಅನ್ನೋ ವಿಚಾರ ಎರಡರಲ್ಲೂ ಇಲ್ಲ. ಅದನ್ನು ಸ್ವಲ್ಪ ನೋಡೋಣ.

ನಾನು ಕಾಮರ್ಸಿನವನು, ಜಮಾ-ಖರ್ಚಿನಿಂದಲೇ ಶುರು ಮಾಡ್ತೇನೆ. ೧೯೧೪ರಲ್ಲಿ ಸಿಪಾಯಿಯ ಸಂಬಳ ತಿಂಗಳಿಗೆ ೧೧ ರೂಪಾಯಿ. ಸೇರಿದವರಲ್ಲಿ ಬಹಳ ಮಂದಿ ಪಂಜಾಬಿನ ಒಕ್ಕಲು ಮಕ್ಕಳು. ತಪ್ಪದೆ ಬರುವ ಸಂಬಳ, ಮುಂದೆ ಪಿಂಚಣಿ, ಊರಲ್ಲಿ 'ಇಜ್ಜತ್', ಅಂದರೆ ಮಾನ. ಇವು ಅವರನ್ನು ಸೈನ್ಯಕ್ಕೆ ಎಳೆದವು. ಮುಲ್ಕ್ ರಾಜ್ ಆನಂದರ 'ಅಕ್ರಾಸ್ ದಿ ಬ್ಲ್ಯಾಕ್ ವಾಟರ್ಸ್' ಕಾದಂಬರಿಯ ಲಾಲು ಇಂಥ ಹುಡುಗನೇ. ಕೈತಪ್ಪಿದ ಮನೆತನದ ಜಮೀನು ಮತ್ತೆ ಸಿಕ್ಕೀತು ಎಂಬ ಆಸೆ ಅವನದು. ಸಾಮ್ರಾಜ್ಯದ ಚಿಂತೆ ಅವನಿಗೇಕೆ?

೧೯೧೪ರ ಸೆಪ್ಟೆಂಬರಿನಲ್ಲಿ ಭಾರತದ ದಂಡು ಫ್ರಾನ್ಸಿನ ಮಾರ್ಸೇಲ್ಸ್ ಬಂದರಿನಲ್ಲಿ ಇಳಿಯಿತು. ಅಕ್ಟೋಬರಿಗಾಗಲೇ ಈಪ್ರ್ ಪಟ್ಟಣದ ಹತ್ತಿರ ಕಂದಕ ಸೇರಿತ್ತು. ನೋಟ ಬದಲಾಗುವುದು ಇಲ್ಲಿಂದ. ಊರಿನಲ್ಲಿ ಬಿಳಿಯ ಅಂದರೆ ಅಪ್ಪಣೆ ಕೊಡುವ ಸಾಹೇಬ. ಇಲ್ಲಿ ಬಿಳಿಯರೂ ಮೈಬಗ್ಗಿಸಿ ಹೊಲ ಗೇಯುವುದನ್ನು, ಗಂಡಸರು ಯುದ್ಧಕ್ಕೆ ಹೋದ ಮೇಲೆ ಹೆಂಗಸರೇ ಬೇಸಾಯ ನಡೆಸುವುದನ್ನು ಸಿಪಾಯಿ ಕಂಡ. ತಂಗಿದ್ದ ಮನೆಯ ಮುದುಕಿ ಮಗನಂತೆ ನೋಡಿಕೊಂಡಳು ಅಂತ ಊರಿಗೆ ಬರೆದವರುಂಟು. ಹೆಣ್ಣುಮಕ್ಕಳನ್ನು ಓದಿಸಿ ಅಂತ ಬರೆದವರೂ ಉಂಟು.

ಈ ಕಾಗದಗಳ ಕತೆಯೇ ಬೇರೆ. ಎಷ್ಟೋ ಸಿಪಾಯಿಗಳಿಗೆ ಅಕ್ಷರ ಬಾರದು, ಬಲ್ಲವರಿಂದ ಬರೆಸುತ್ತಿದ್ದರು. ಸರಕಾರ ಅವನ್ನು ಒಡೆದು ಓದಿ, ಕೆಲವನ್ನು ಇಂಗ್ಲಿಷಿಗೆ ಅನುವಾದ ಮಾಡಿಸಿ ಇಟ್ಟಿತು. ಹಾಗಾಗಿಯೇ ಅವು ಇಂದು ಓದಲು ಸಿಗುತ್ತವೆ. ಓದುವ ಅಧಿಕಾರಿಯ ಕಣ್ಣು ತಪ್ಪಿಸಲು ಕೆಲವರು ಭಾರತೀಯ ಸೈನಿಕರಿಗೆ 'ಕರಿಮೆಣಸು', ಬಿಳಿಯ ಸೈನಿಕರಿಗೆ 'ಕೆಂಪು ಮೆಣಸು' ಎಂಬ ಗುಟ್ಟಿನ ಹೆಸರಿಟ್ಟರು. ಕರಿಮೆಣಸು ಮುಗೀತಾ ಬಂತು ಅಂದರೆ ಏನರ್ಥ ಅಂತ ಬಿಡಿಸಿ ಹೇಳಬೇಕಿಲ್ಲ. ಗಾಯ ವಾಸಿಯಾದವರನ್ನು ಊರಿಗೆ ಬಿಡದೆ ಮತ್ತೆ ಕಂದಕಕ್ಕೆ ಕಳಿಸಿದ್ದು ಅವರನ್ನು ತುಂಬ ನೋಯಿಸಿತು.

ಹಾಗಂತ ಎಲ್ಲರೂ ಬಂಡಾಯಗಾರರಾದರು ಅನ್ನಲಾಗದು. ಉಣ್ಣಿಸಿದವರ ಉಪ್ಪಿನ ಋಣ, ದಂಡಿನ ಮಾನ ಎಂದು ನಂಬಿಯೇ ಪ್ರಾಣ ಕೊಟ್ಟವರು ಎಷ್ಟೋ ಮಂದಿ. ಹಳೆಯ ನಂಬಿಕೆ, ಹೊಸ ಅನುಮಾನ ಎರಡೂ ಒಬ್ಬನೇ ಮನುಷ್ಯನಲ್ಲಿ ಜೊತೆಯಾಗಿ ಇದ್ದವು. ನನಗೆ ಮುಖ್ಯ ಅನ್ನಿಸುವುದು ಇದು. ಇಪ್ಪತ್ತರ ಹುಡುಗನೊಬ್ಬ ತಾನು ಕಂಡದ್ದನ್ನು ತನ್ನ ಊರಿನೊಂದಿಗೆ ಹೋಲಿಸಿ ನೋಡಿದ. ಸಾಹೇಬರು ಅವನಿಗೆ ಕೋವಿ ಹಿಡಿಯಲು ಕಲಿಸಿದ್ದರು. ಹೋಲಿಸುವುದನ್ನು ಅವನೇ ಕಲಿತ.

೧೯೩೧ರಲ್ಲಿ ಉದ್ಘಾಟನೆಯಾದ ಇಂಡಿಯಾ ಗೇಟಿನ ಮೇಲೆ ೧೩,೦೦೦ಕ್ಕೂ ಹೆಚ್ಚು ಹೆಸರುಗಳಿವೆ. ತೀನ್ ಮೂರ್ತಿಯ ಮೂವರಲ್ಲಿ ಒಬ್ಬ ನಮ್ಮ ಮೈಸೂರು ಲ್ಯಾನ್ಸರ್ಸ್ ದಳದವನು. ಆ ದಳ ೧೯೧೮ರಲ್ಲಿ ಹೈಫಾ ಪಟ್ಟಣಕ್ಕಾಗಿ ಹೋರಾಡಿತ್ತು. ದೆಹಲಿಯಲ್ಲಿ ಓದುವ ನಾವು ಬಸ್ಸಿನ ಕಿಟಕಿಯಿಂದ ಇವನ್ನು ಎಷ್ಟು ಸಲ ನೋಡಿಲ್ಲ! ಮಿತ್ರರೇ, ವೀರನೋ ಕೂಲಿಯೋ ಎಂದು ತೀರ್ಪು ಕೊಡುವ ಮುಂಚೆ ಲಾಲುವಿನ ಕತೆ ಒಮ್ಮೆ ಓದಿ ಬನ್ನಿ. ಮುಂದಿನ ಸಭೆಯಲ್ಲಿ ಜಗಳ ಆಡೋಣ.