ಎರವಲು ಬಂದ ರಾಕ್ಷಸ

ರಾಕ್ಷಸನೆಂಬ ಹೆಸರು ಕಿವಿಗೆ ಬಿದ್ದೊಡನೆ ಕನ್ನಡ ನಾಡಿನ ಮಕ್ಕಳ ಕಣ್ಣ ಮುಂದೆ ನಿಲ್ಲುವ ರೂಪ ಒಂದೇ ಬಗೆಯದಲ್ಲ. ಕರಾವಳಿಯವರು ಮುಖಕ್ಕೆ ಅಕ್ಕಿಹಿಟ್ಟಿನ ಚುಟ್ಟಿ ಇಟ್ಟು ಅಬ್ಬರಿಸುತ್ತ ರಂಗಕ್ಕೆ ಬರುವ ಯಕ್ಷಗಾನದ ಬಣ್ಣದ ವೇಷವನ್ನು ನೆನೆಯುತ್ತಾರೆ. ಭಾರತದ ಕಥೆ ಕೇಳಿ ಬೆಳೆದವರು ಪಾಂಡವರಿಗಾಗಿ ಪ್ರಾಣ ತೆತ್ತ ಘಟೋತ್ಕಚನನ್ನು ನೆನೆಯುತ್ತಾರೆ. ಆದರೆ ಅದೇ ಹೆಸರನ್ನು ಹೇಳಿದರೆ ಅಮೆರಿಕದ ಅನೇಕ ತರುಣರ ಮನಸ್ಸಿಗೆ ಬರುವುದು ಹುಲಿಯ ತಲೆಯುಳ್ಳ, ಸೊಗಸಾದ ಉಡುಪು ತೊಟ್ಟ ಒಂದು ವಿಚಿತ್ರ ಜೀವಿ. ಈ ರೂಪ ಅವರಿಗೆ ದೊರೆತದ್ದು ರಾಮಾಯಣದಿಂದಲ್ಲ, ಒಂದು ಆಟದ ಪುಸ್ತಕದಿಂದ.

'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಈ ಆಟ 1974ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಊರಿನಿಂದ ಪ್ರಕಟವಾಯಿತು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅದರ ಕರ್ತೃಗಳು. ಚೌಕಾಬಾರದಲ್ಲಿರುವಂತೆ ಇಲ್ಲಿ ಮಣೆಯಾಗಲಿ ಕಾಯಿಗಳಾಗಲಿ ಮುಖ್ಯವಲ್ಲ. ನಾಲ್ಕಾರು ಮಂದಿ ಮೇಜಿನ ಸುತ್ತ ಕುಳಿತು, ಒಬ್ಬೊಬ್ಬರೂ ಒಂದೊಂದು ಪಾತ್ರವನ್ನು ವಹಿಸಿ, ಆ ಪಾತ್ರದ ಬಾಯಿಂದ ಮಾತಾಡುತ್ತ ಕಥೆಯನ್ನು ಬೆಳೆಸುತ್ತಾರೆ. ಒಬ್ಬರು ಕಥೆಯ ಸೂತ್ರ ಹಿಡಿದಿರುತ್ತಾರೆ. ಪಾತ್ರದ ಸಾಹಸ ಫಲಿಸಿತೇ ಇಲ್ಲವೇ ಎಂಬುದನ್ನು ಇಪ್ಪತ್ತು ಮುಖಗಳ ದಾಳ ನಿರ್ಣಯಿಸುತ್ತದೆ. ವೇಷ ಕಟ್ಟದೆ ಕುಳಿತಲ್ಲಿಯೇ ಅರ್ಥ ಹೇಳುವ ತಾಳಮದ್ದಳೆಯನ್ನು ಕಂಡವರಿಗೆ ಇದು ತೀರ ಅಪರಿಚಿತವೆನಿಸದು. ಭೇದವೇನೆಂದರೆ, ಅಲ್ಲಿ ಕಥೆಯ ಕೊನೆ ಎಲ್ಲರಿಗೂ ಮೊದಲೇ ಗೊತ್ತು. ಇಲ್ಲಿ ಯಾರಿಗೂ ಗೊತ್ತಿಲ್ಲ.

ಇಂತಹ ಕಥೆ ದಿನದಿನವೂ ಬೆಳೆಯಬೇಕಾದರೆ ಹೊಸ ಹೊಸ ಎದುರಾಳಿಗಳು ಬೇಕು. 1977ರಲ್ಲಿ ಈ ಆಟಕ್ಕಾಗಿ ವಿಕಾರಜೀವಿಗಳ ಒಂದು ಕೋಶವೇ ಹೊರಬಂದಿತು. ಅದರಲ್ಲಿದ್ದವೆಲ್ಲ ಕರ್ತೃವಿನ ಕಲ್ಪನೆಯ ಕೂಸುಗಳಲ್ಲ. ಯಹೂದಿಗಳ ಗೋಲೆಮ್, ಅರಬರ ಜಿನ್ನಿ, ಭಾರತದ ನಾಗ, ಹೀಗೆ ಹಲವು ನಾಡುಗಳ ಕಥಾಭಂಡಾರಗಳಿಂದ ಅವು ಆಯ್ದು ಬಂದವು. ಬರುವ ದಾರಿಯಲ್ಲಿ ಅವುಗಳ ಸ್ವರೂಪ ಮಾರ್ಪಟ್ಟಿತು. ಬ್ಯಾಬಿಲೋನಿಯದ ಸೃಷ್ಟಿಕಥೆಯ ತಿಯಾಮತ್ ದೇವತೆಗಳಿಗೆ ತಾಯಿ, ಆದಿಯ ಕಡಲು; ಆಕೆಯ ದೇಹದಿಂದಲೇ ಭೂಮ್ಯಾಕಾಶಗಳಾದುವೆಂದು ಆ ಜನ ನಂಬಿದ್ದರು. ಆಟದಲ್ಲಿ ಆಕೆ ಐದು ತಲೆಗಳ ದುಷ್ಟ ಘಟಸರ್ಪ. ಗ್ರೀಕರ ಮೆಡೂಸಾ ಒಬ್ಬಳೇ ಹೆಣ್ಣು, ಆಕೆಗೊಂದು ದುಃಖದ ಕಥೆಯಿದೆ. ಆಟದಲ್ಲಿ ಮೆಡೂಸಾ ಎಂಬುದು ಒಂದು ಜಾತಿಯ ಹೆಸರಾಯಿತು. ವ್ಯಾಕರಣದ ಮಾತಿನಲ್ಲಿ ಹೇಳುವುದಾದರೆ, ಅಂಕಿತನಾಮವು ರೂಢನಾಮವಾಯಿತು; ಕಥೆ ಕಳೆದುಹೋಯಿತು.

ರಾಕ್ಷಸನ ಪ್ರಯಾಣ ಇನ್ನೂ ಸ್ವಾರಸ್ಯಕರವಾದುದು. 1974ರ ಡಿಸೆಂಬರಿನಲ್ಲಿ ಅಮೆರಿಕದ ದೂರದರ್ಶನದಲ್ಲಿ 'ಕೋಲ್‌ಚಾಕ್' ಎಂಬ ಧಾರಾವಾಹಿಯ ಒಂದು ಕಂತು ಪ್ರಸಾರವಾಯಿತು. ಶಿಕಾಗೊ ನಗರಕ್ಕೆ ಬಂದ ರಾಕ್ಷಸನೊಬ್ಬ ಜನರು ನಂಬಿದವರ ರೂಪ ತಾಳಿ ಬಳಿಗೆ ಬಂದು ಅವರನ್ನು ತಿನ್ನುತ್ತಾನೆ. ಮಂತ್ರಿಸಿದ ಬಾಣವನ್ನು ಅಡ್ಡಬಿಲ್ಲಿನಿಂದ ಎಸೆದರಲ್ಲದೆ ಅವನು ಸಾಯುವುದಿಲ್ಲ. ಮೂರು ವರ್ಷಗಳ ಬಳಿಕ ಬಂದ ಆಟದ ಕೋಶದಲ್ಲಿಯೂ ರಾಕ್ಷಸನು ನಂಬಿಕೆಯ ರೂಪ ತಾಳಿ ವಂಚಿಸುತ್ತಾನೆ, ಅಡ್ಡಬಿಲ್ಲಿನ ಮಂತ್ರಿಸಿದ ಬಾಣಕ್ಕೆ ಒಡನೆಯೇ ಬಲಿಯಾಗುತ್ತಾನೆ. ಮೂಲ ಯಾವುದೆಂದು ಬೇರೆ ಹೇಳಬೇಕಾಗಿಲ್ಲ. ವಾಲ್ಮೀಕಿಯ ಬಳಿಗೆ ಯಾರೂ ಹೋಗಿರಲಿಲ್ಲ. ಹೋಗಿದ್ದರೆ ಮಾರೀಚನಂತಹ ಮಾಯಾವಿಯ ಜೊತೆಗೆ ವಿಭೀಷಣನೂ ಮಂಡೋದರಿಯೂ ಸಿಗುತ್ತಿದ್ದರು.

ಹಾಗೆಂದು ಎರವಲು ತಂದುದೇ ತಪ್ಪೆನ್ನಲಾಗದು. ಕನ್ನಡದ ನಾಗಚಂದ್ರನೂ ಸುಮಾರು ಒಂಬತ್ತು ಶತಮಾನಗಳ ಹಿಂದೆ ರಾಮಕಥೆಯನ್ನು ತನ್ನ ಮತಕ್ಕೂ ಮನಸ್ಸಿಗೂ ಒಪ್ಪುವಂತೆ ಮಾರ್ಪಡಿಸಿದನು. ಜೈನ ಪರಂಪರೆಯಲ್ಲಿ ರಾಕ್ಷಸರು ನರಭಕ್ಷಕರಲ್ಲ, ವಿದ್ಯಾಧರರ ಒಂದು ವಂಶ. ನಾಗಚಂದ್ರನ ರಾವಣ ಸೀತೆಯ ದೃಢತೆಯನ್ನು ಕಂಡು ಪಶ್ಚಾತ್ತಾಪದಿಂದ ಬೇಯುತ್ತಾನೆ. ಇದೂ ಬದಲಾವಣೆಯೇ. ಆದರೆ ಮೂಲವನ್ನು ಅರೆದು ಕುಡಿದವನು ಮಾಡಿದ ಬದಲಾವಣೆ. ಅದರಿಂದ ರಾವಣನು ಹಿರಿದಾದನೇ ಹೊರತು ಕಿರಿದಾಗಲಿಲ್ಲ.

ಆಟದ ಪ್ರಕಾಶಕರಿಗೆ ಎರವಲಿನ ಲೆಕ್ಕ ಗೊತ್ತಿರಲಿಲ್ಲವೆಂದೂ ಅಲ್ಲ. ಮೊದಲ ಆವೃತ್ತಿಯಲ್ಲಿ ಟೋಲ್ಕಿನ್ ಎಂಬ ಆಂಗ್ಲ ಲೇಖಕರ ಸೃಷ್ಟಿಯಾದ 'ಹಾಬಿಟ್' ಎಂಬ ಕುಳ್ಳ ಜನರಿದ್ದರು. ಹಕ್ಕುದಾರರು ಆಕ್ಷೇಪಿಸಿದೊಡನೆ ಅವರು 'ಹಾಫ್‌ಲಿಂಗ್'ರಾದರು. 1980ರಲ್ಲಿ ಲೋಕದ ದೇವತೆಗಳನ್ನೆಲ್ಲ ಪಟ್ಟಿಮಾಡಿದ ಒಂದು ಪುಸ್ತಕ ಬಂದಿತು. ಅದರಲ್ಲಿ ಇಂದ್ರ, ಅಗ್ನಿ, ವಿಷ್ಣು, ಕಾಳಿ ಮೊದಲಾದವರಿಗೆ, ಎಷ್ಟು ಪೆಟ್ಟು ತಿಂದರೆ ಸೋಲುವರೆಂಬುದಕ್ಕೆ ಅಂಕಿಗಳನ್ನು ಕೊಡಲಾಗಿತ್ತು. ಅದೇ ಪುಸ್ತಕದಲ್ಲಿ ಇಬ್ಬರು ಆಧುನಿಕ ಕಥೆಗಾರರು ಕಲ್ಪಿಸಿದ ದೇವತೆಗಳೂ ಇದ್ದರು. ಆ ಕಥೆಗಳನ್ನು ಬಳಸುವ ಹಕ್ಕು ಮತ್ತೊಂದು ಸಂಸ್ಥೆಯ ಬಳಿ ಇದ್ದುದರಿಂದ ನಂತರದ ಮುದ್ರಣಗಳಲ್ಲಿ ಆ ಎರಡು ಅಧ್ಯಾಯಗಳು ಮಾಯವಾದುವು. ಇಂದ್ರಾಗ್ನಿಗಳು ಉಳಿದರು. ಕೋಟ್ಯಂತರ ಜನರು ಪೂಜಿಸುವ ದೇವತೆಗೆ ಹಕ್ಕುದಾರರಿಲ್ಲ. ಕೇಳುವವರಿಲ್ಲದ್ದು ಎಲ್ಲರ ಸ್ವತ್ತು!

ದೇವತೆಗಳ ಮಾತು ಹಾಗಿರಲಿ, ಬದುಕಿರುವ ಜನರ ಮಾತು ಬೇರೆ. 1983ರಲ್ಲಿ ಬಂದ 'ರೇವನ್‌ಲಾಫ್ಟ್' ಎಂಬ ಕಥಾನಕದಲ್ಲಿ, ರಕ್ತ ಹೀರುವ ದೊರೆಯೊಬ್ಬನ ನಾಡಿನಲ್ಲಿ ಬಂಡಿ ಕಟ್ಟಿಕೊಂಡು ಅಲೆಯುವ, ಕಣಿ ಹೇಳುವ ಜನರಿದ್ದಾರೆ. ಮುಂದೆ ಅವರಿಗೆ ವಿಸ್ತಾನಿಗಳೆಂದು ಹೆಸರಾಯಿತು. ಇವರು ಯೂರೋಪಿನ ರೋಮಾ ಜನರ ಪಡಿಯಚ್ಚು ಎಂಬುದು ಯಾರಿಗಾದರೂ ತಿಳಿಯುವಂತಹದು. ರೋಮಾ ಜನರ ಪೂರ್ವಿಕರು ಸುಮಾರು ಸಾವಿರ ವರ್ಷಗಳ ಹಿಂದೆ ಭಾರತದ ವಾಯವ್ಯ ಭಾಗದಿಂದ ಹೊರಟವರು. ಇಂದಿಗೂ ಅವರ ನುಡಿಯಲ್ಲಿ ನೀರಿಗೆ 'ಪಾನಿ' ಎನ್ನುತ್ತಾರೆ. ಕಳ್ಳರು, ವಂಚಕರು ಎಂಬ ಅಪವಾದವನ್ನು ಹೊತ್ತು ಊರೂರಿನಿಂದ ಅಟ್ಟಿಸಿಕೊಂಡ ಈ ಜನರಲ್ಲಿ ಲಕ್ಷಾಂತರ ಮಂದಿಯನ್ನು ಎರಡನೆಯ ಮಹಾಯುದ್ಧದ ಕಾಲದಲ್ಲಿ ನಾಜಿಗಳು ಕೊಂದರು. 2016ರಲ್ಲಿ ಆ ಕಥಾನಕ ಹೊಸದಾಗಿ ಪ್ರಕಟವಾದಾಗಲೂ ವಿಸ್ತಾನಿಗಳು ಕುಡುಕರು, ದುಷ್ಟ ದೊರೆಯ ಸೇವಕರು. ಮೆಡೂಸಾಳ ಮೇಲೆ ಹೊರಿಸಿದ ಸುಳ್ಳಿನಿಂದ ನೋಯುವವರು ಯಾರೂ ಇಲ್ಲ. ಶಾಲೆಯಲ್ಲಿ ಪಕ್ಕದ ಬೆಂಚಿನಲ್ಲಿ ರೋಮಾ ಹುಡುಗಿ ಕುಳಿತಿರಬಹುದು. ಆಕ್ಷೇಪಗಳೆದ್ದ ಮೇಲೆ 2020ರಲ್ಲಿ ಪ್ರಕಾಶಕರು ತಪ್ಪನ್ನೊಪ್ಪಿ ಆ ಭಾಗಗಳನ್ನು ತಿದ್ದಿದರು.

2022ರಲ್ಲಿ ಅದೇ ಪ್ರಕಾಶಕರು ಬೇರೆ ಬೇರೆ ಜನಾಂಗಗಳ ಲೇಖಕರಿಂದ ಅವರವರ ಪರಂಪರೆಯನ್ನು ಆಧರಿಸಿದ ಕಥಾನಕಗಳನ್ನು ಬರೆಯಿಸಿ ಒಂದು ಸಂಪುಟವನ್ನು ತಂದರು. ಅದರಲ್ಲಿ ಕೊಲ್ಕತ್ತದಲ್ಲಿ ಹುಟ್ಟಿದ ಮಿಮಿ ಮೊಂಡಲ್ ಅವರು 'ಶಂಖಭೂಮಿ' ಎಂಬ ನಾಡನ್ನು ಕಲ್ಪಿಸಿದ್ದಾರೆ. ಅದು ಬಂಗಾಳದ ನೆನಪಿನಿಂದ ಮೂಡಿದ ನದಿಗಳ ನಾಡು. ಶಂಖವೆಂಬ ಶಬ್ದವನ್ನು ಸರಿಯಾಗಿ ಉಚ್ಚರಿಸಲು ದೂರದೇಶದ ಆಟಗಾರರು ತಿಣುಕಿರಬೇಕು. ತಿಣುಕಲಿ, ಅದೂ ಒಂದು ಬಗೆಯ ಪರಿಚಯವೇ. ರಾಕ್ಷಸನೊಬ್ಬ ಮಾತ್ರ ಬಹುಕಾಲ ಬದಲಾಗಲಿಲ್ಲ. 2014ರ ಕೋಶದಲ್ಲಿಯೂ ಅವನಿಗೆ ಹುಲಿಯ ತಲೆ, ಹಿಂದುಮುಂದಾದ ಅಂಗೈಗಳು. ಸಜ್ಜನನ ಕೈಯಲ್ಲಿರುವ ಮಂತ್ರಬಲದ ಮೊನೆಯಾಯುಧಕ್ಕೆ ಅವನು ಅಲ್ಲಿಯೂ ಅಂಜುತ್ತಾನೆ. ಶಿಕಾಗೊ ನಗರದ ಆ ಹಳೆಯ ಬಾಣ ಇನ್ನೂ ಅವನನ್ನು ಬಿಟ್ಟಿರಲಿಲ್ಲ.